ಸೋಮವಾರದ ಮೂರು ಲೋಟ ನೀರು

ನೆಲದೊಳಗೆ ನೀರು ಎಲ್ಲಿದೆ ಎಂದು ಹೇಳುವುದು ನನ್ನ ಕಸುಬು. ಮಕ್ತಲ್‌ನಲ್ಲಿ ಬೋರಿನ ವೀರಯ್ಯ ಎಂದು ಯಾರನ್ನು ಕೇಳಿದರೂ ನಮ್ಮ ಮನೆ ತೋರಿಸುತ್ತಾರೆ. ರಾಯಚೂರು ದಾಟಿದರೆ ಸಿಗುವ ತೆಲುಗು ಸೀಮೆಯ ಊರು ನಮ್ಮದು, ಮನೆಮಾತು ಕನ್ನಡ. ಅಂಗೈ ಮೇಲೆ ತೆಂಗಿನಕಾಯಿ ಅಡ್ಡ ಮಲಗಿಸಿಕೊಂಡು ಹೊಲದ ತುಂಬ ನಡೆಯುತ್ತೇನೆ. ನೀರಿದ್ದ ಜಾಗಕ್ಕೆ ಬಂದಾಗ ಕಾಯಿ ತಾನಾಗಿ ಎದ್ದು ನಿಲ್ಲುತ್ತದೆ. ಅಲ್ಲೊಂದು ಕಲ್ಲಿಟ್ಟು, ಇಷ್ಟು ಅಡಿಗೆ ನೀರು ಬೀಳುತ್ತದೆ ಎಂದು ಹೇಳಿ ಬರುತ್ತೇನೆ. ಸುತ್ತಲಿನ ಊರುಗಳಲ್ಲಿ, ಉಟ್ಕೂರಿನಿಂದ ಮದ್ದೂರಿನವರೆಗೆ, ನಾನಿಟ್ಟ ಕಲ್ಲಿನ ಜಾಗದಲ್ಲಿ ಕೊರೆಸಿದ ಬೋರುಗಳಿಗೆ ಲೆಕ್ಕವಿಲ್ಲ. ಹತ್ತರಲ್ಲಿ ಎಂಟು ಕಡೆ ನೀರು ಬಿದ್ದಿದೆ ಎಂದು ಹೇಳಿಕೊಳ್ಳುತ್ತೇನೆ. ಆರು ಎಂದರೆ ಸತ್ಯಕ್ಕೆ ಹತ್ತಿರ. ನನ್ನ ಹೆಂಡತಿ ಮಹಾಂತಮ್ಮ ಐದು ಎನ್ನುತ್ತಾಳೆ.

ಇಷ್ಟು ದೊಡ್ಡಸ್ತಿಕೆ ಮೊದಲೇ ಯಾಕೆ ಹೇಳಿಕೊಂಡೆ ಎಂದರೆ, ಮುಂದಿನ ಮಾತಿನಲ್ಲಿ ನನಗೆ ಚೆನ್ನಾಗಿ ಮಂಗಳಾರತಿಯಾಗುವುದಿದೆ.

ಮಹಾಂತಮ್ಮನಿಗೆ ಗರ್ಭಕೋಶದ ಬಾಯಲ್ಲಿ ಕ್ಯಾನ್ಸರ್ ಇದೆ ಎಂದು ಗೊತ್ತಾದದ್ದು ಈ ಬೇಸಿಗೆಯಲ್ಲಿ. ಮುಟ್ಟು ನಿಂತು ಆರು ವರ್ಷವಾಗಿದ್ದವಳಿಗೆ ಮತ್ತೆ ರಕ್ತ ಕಾಣಿಸಿಕೊಂಡಿತ್ತು. ನಾಲ್ಕು ತಿಂಗಳು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ನಾರಾಯಣಪೇಟೆಯಲ್ಲಿ ಮಾಸ್ತರಿಕೆ ಮಾಡುವ ಮಗಳು ಶಿವಗಂಗಾ ಹಬ್ಬಕ್ಕೆಂದು ಬಂದವಳು, ಹಿತ್ತಲಲ್ಲಿ ಮರೆಮಾಡಿ ಒಣಹಾಕಿದ ಬಟ್ಟೆ ನೋಡಿ, ತಾಯಿಯ ಕೈಹಿಡಿದು ದರದರ ಎಳೆದುಕೊಂಡು ತಮ್ಮೂರ ದವಾಖಾನೆಗೆ ಹೋದಳು. ಅಲ್ಲಿಂದ ಗದ್ವಾಲದ ಹೊರಗೆ ಹೊಸದಾಗಿ ಆಗಿರುವ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸಿದರು. ನಾಲ್ಕು ತಿಂಗಳೂ ನಾನು ಅದೇ ಮನೆಯಲ್ಲಿದ್ದೆ, ಅದೇ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದೆ. ನನ್ನ ಕಣ್ಣಿಗೆ ಏನೂ ಬಿದ್ದಿರಲಿಲ್ಲ.

ಅಲ್ಲಿನ ಡಾಕ್ಟರ್ ಅಖಿಲಾ ಚಿಕ್ಕ ವಯಸ್ಸಿನವರು, ಮಾತು ಕಡಿಮೆ. ಆಪರೇಶನ್ ಬೇಡ, ರೇಡಿಯೇಶನ್‌ನಿಂದ ಹೋಗುತ್ತದೆ ಎಂದರು. ನಮ್ಮ ಕಡೆ ಅದಕ್ಕೆ ಕರೆಂಟ್ ಇಡುವುದು ಎನ್ನುತ್ತಾರೆ. ವಾರಕ್ಕೆ ಐದು ದಿನದಂತೆ ಇಪ್ಪತ್ತೈದು ಸಲ, ಬುಧವಾರಕ್ಕೊಮ್ಮೆ ಕೀಮೋ, ಕೊನೆಗೆ ಕೆಲವು ಸಲ ಒಳಗಿನಿಂದ ಕರೆಂಟ್. ರೋಗ ಬೇರೆ ಕಡೆ ಹರಡಿಲ್ಲ, ಗುಣವಾಗುತ್ತದೆ ಎಂದು ಹೇಳಿದ ಮೇಲೆ ಒಂದು ಬೆರಳೆತ್ತಿ ಇನ್ನೊಂದು ಮಾತು ಹೇಳಿದರು. ನಡುವೆ ದಿನ ತಪ್ಪಿಸಬಾರದು. ಬಿಟ್ಟ ದಿನಗಳಲ್ಲಿ ರೋಗ ಚೇತರಿಸಿಕೊಳ್ಳುತ್ತದೆ, ಆಮೇಲೆ ಎಷ್ಟು ಕೊಟ್ಟರೂ ಮೊದಲಿನ ಹಾಗೆ ಕೇಳುವುದಿಲ್ಲ.

ಕರೆಂಟ್ ಇಡುವ ಮುನ್ನ ಒಂದು ವಾರ ಬರೀ ಅಳತೆಯೇ ಆಯಿತು. ದೊಡ್ಡ ಬಳೆಯಂಥ ಸ್ಕ್ಯಾನಿನೊಳಗೆ ಮಲಗಿಸಿ ಫೋಟೋ ತೆಗೆದರು. ಹೊಕ್ಕುಳ ಕೆಳಗೊಂದು, ಸೊಂಟದ ಎರಡೂ ಬದಿಗೆ ಒಂದೊಂದು, ಸಾಸಿವೆ ಕಾಳಿನಷ್ಟು ಹಚ್ಚೆ ಚುಕ್ಕೆ ಹಾಕಿದರು. ಡಾಕ್ಟರು ಕಂಪ್ಯೂಟರ್ ಮುಂದೆ ಕೂತು ಆ ಫೋಟೋಗಳ ಮೇಲೆ ಗಡ್ಡೆಗೆ ಒಂದು ಬಣ್ಣದ ಗೆರೆ, ಗರ್ಭಕೋಶಕ್ಕೆ ಒಂದು, ಕರುಳಿಗೆ ಒಂದು, ಮೂತ್ರದ ಚೀಲಕ್ಕೆ ಒಂದು ಎಂದು ಎರಡು ದಿನ ಗೆರೆ ಎಳೆದರಂತೆ. ಇದನ್ನೆಲ್ಲ ನನಗೆ ಬಿಡಿಸಿ ಹೇಳಿದವಳು ಝಾನ್ಸಿ, ಮಿಷನ್ ನಡೆಸುವ ಹುಡುಗಿ. ಮದ್ದೂರಿನವಳು, ತಾಯಿಯ ತವರು ರಾಯಚೂರು ಕಡೆ. ನಮ್ಮ ಮಾತು ಚೆನ್ನಾಗಿ ಬರುತ್ತದೆ, ಸಿಟ್ಟು ಬಂದಾಗ ಮಾತ್ರ ತೆಲುಗು.

ಮೊದಲ ದಿನ ಅವಳು ನನಗೆ ಕೋಣೆ ತೋರಿಸಿದಳು. ಗೋಡೆಯೇ ಎರಡು ಮೀಟರ್ ದಪ್ಪ. ನಡುವೆ ಬಿಳಿಯ ಭಾರಿ ಯಂತ್ರ, ಅದಕ್ಕೊಂದು ತೋಳು, ತೋಳಿನ ಕೆಳಗೆ ಮಲಗುವ ಕಿರಿದಾದ ಹಲಗೆ. ತೋಳು ಮಲಗಿದವರ ಸುತ್ತ ಪೂರ್ತಿ ಒಂದು ಸುತ್ತು ಬರುತ್ತದೆ. ಅದರ ಬಾಯೊಳಗೆ ನೂರಕ್ಕೂ ಹೆಚ್ಚು ಲೋಹದ ಸಣ್ಣ ಪಟ್ಟಿಗಳು ಸಾಲಾಗಿವೆ. ತೋಳು ತಿರುಗಿದಂತೆಲ್ಲ ಪಟ್ಟಿಗಳು ಒಳಗೆ ಹೊರಗೆ ಸರಿದು, ಆ ಬದಿಯಿಂದ ನೋಡಿದರೆ ರೋಗದ ಜಾಗ ಯಾವ ಆಕಾರದಲ್ಲಿದೆಯೋ ಅದೇ ಆಕಾರದ ಕಿಂಡಿ ಬಿಡುತ್ತವೆ. ಒಂದು ಗಳಿಗೆಗೆ ಒಂದು ಆಕಾರ. ಬೆಂಕಿಯಿಲ್ಲ, ಬಿಸಿಯಿಲ್ಲ, ಬೆಳಕು ಕೂಡ ಕಾಣುವುದಿಲ್ಲ.

ಅಂದು ಕರೆಂಟ್ ಇಡಿಸಿಕೊಂಡು ಹೊರಗೆ ಬಂದ ಮಹಾಂತಮ್ಮನನ್ನು ಕೇಳಿದೆ.

“ಏನನಸ್ತು?”

“ಏನೂ ಇಲ್ರಿ,” ಎಂದಳು ಮಹಾಂತಮ್ಮ. “ಒಳಗ ಬಾಳ ತಂಪೈತಿ. ಕಣ್ಣು ಮುಚ್ಚಿ ತಗಿಯೋದ್ರಾಗ ಎದ್ದೇಳು ಅಂದ್ರು.”

ನನಗೆ ಮೈ ಜುಮ್ಮೆಂದಿತು. ಚರ್ಮ ಸುಡದೆ, ಕೊಯ್ಯದೆ, ಮಲಗಿದವಳಿಗೇ ಗೊತ್ತಾಗದೆ, ಒಂದು ಗೇಣು ಒಳಗಿರುವ ಗಡ್ಡೆಯನ್ನು ಹುಡುಕಿಕೊಂಡು ಹೋಗಿ ಹೊಡೆಯುವ ಶಕ್ತಿ. ಜೀವನವಿಡೀ ಕಾಣದ್ದನ್ನು ಕಾಣುತ್ತೇನೆಂದು ಊರೂರು ತಿರುಗಿದ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಇದರಲ್ಲಿ ನನಗೂ ಒಂದು ಕೆಲಸ ಬಂತು. ದಿನವೂ ಕರೆಂಟಿಗೆ ಮುಕ್ಕಾಲು ಗಂಟೆ ಮೊದಲು ಮಹಾಂತಮ್ಮ ಮೂತ್ರಕ್ಕೆ ಹೋಗಿ ಬಂದು, ಮೂರು ಲೋಟ ನೀರು ಕುಡಿದು, ಮತ್ತೆ ಹೋಗದೆ ತಡೆದುಕೊಂಡು ಕೂತಿರಬೇಕು.

“ಯಾಕವ್ವ, ಕರೆಂಟಿಗೂ ನೀರಿಗೂ ಏನು ಸಂಬಂಧ?” ಎಂದು ಝಾನ್ಸಿಯನ್ನು ಕೇಳಿದ್ದೆ.

“ಮೂತ್ರದ ಚೀಲ ತುಂಬಿದ್ರ ಅದು ಕರುಳನ್ನ ಮ್ಯಾಲಕ್ಕ ನೂಕ್ತದ್ರಿ ದೊಡ್ಡಪ್ಪ. ಕರುಳಿಗೆ ಕರೆಂಟ್ ಬೀಳೋದು ತಪ್ತದ. ಗರ್ಭಚೀಲನೂ ಅಳತಿ ತಗೊಂಡ ದಿನ ಎಲ್ಲಿತ್ತೋ ಅಲ್ಲೇ ನಿಲ್ತದ. ದಿನಾ ಮಲಗಿಸಿದ ಮ್ಯಾಲೆ ಮೊದಲು ಒಂದು ಫೋಟೋ ತಗೀತೀವಿ. ಅದು ಅಳತಿ ದಿನದ ಫೋಟೋಕ್ಕ ಕೂಡಿದ್ರೇನೇ ಕರೆಂಟ್ ಬಿಡೋದು. ಒಂದು ನಾಕು ಮಿಲಿಮೀಟರ್ ಆಚೀಚೆ ಇದ್ರ ಹಲಗಿನೇ ಸರಿದು ಸರಿಮಾಡ್ತದ. ಒಳಗಿಂದೇ ಬದಲಾಗಿದ್ರ ಹಲಗಿ ಸರಿದು ಉಪಯೋಗಿಲ್ಲ.”

ನೀರಿನ ಕೆಲಸ ಎಂದ ಮೇಲೆ ಅದು ನನ್ನದೇ. ಅಳತೆಗೆ ಗೆರೆ ಹಾಕಿದ ಒಂದು ಬಾಟಲ್ ತಂದೆ. ಗಡಿಯಾರ ನೋಡಿ ಕೊಡುತ್ತಿದ್ದೆ, ಖಾಲಿಯಾದದ್ದು ನೋಡಿ ವಾಪಸು ತೆಗೆದುಕೊಳ್ಳುತ್ತಿದ್ದೆ. ಹದಿಮೂರು ದಿನ ಒಂದು ನಿಮಿಷ ಆಚೀಚೆ ಆಗಲಿಲ್ಲ. ದೊಡ್ಡಪ್ಪ ಕೊಟ್ಟ ನೀರು ಪಾಯಿಂಟಿಗೆ ಸರಿಯಾಗಿ ಬೀಳ್ತದ ಎಂದು ಝಾನ್ಸಿ ಒಮ್ಮೆ ತಮಾಷೆ ಮಾಡಿದ್ದಳು. ಆ ಮಾತನ್ನು ನಾನು ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ಕನಿಷ್ಠ ಹತ್ತು ಜನಕ್ಕೆ ಹೇಳಿದ್ದೇನೆ.

ಹದಿನಾಲ್ಕನೆಯ ದಿನ ಶ್ರಾವಣದ ಮೊದಲ ಸೋಮವಾರ ಬಂತು.

ಶ್ರಾವಣ ಸೋಮವಾರ ಮಹಾಂತಮ್ಮ ಉಪವಾಸ ಮಾಡುತ್ತಾಳೆ. ಅದು ನನಗೆ ಗೊತ್ತಿದ್ದ ಸಂಗತಿ. ಸಂಜೆ ಲಿಂಗಪೂಜೆ ಮುಗಿಸಿ ಊಟ. ಹಗಲು ಹಣ್ಣು, ಹಾಲು, ನೀರು ಏನಾದರೂ ತೆಗೆದುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅಂದುಕೊಂಡಿದ್ದೆ ಅಷ್ಟೆ, ಕೇಳಿರಲಿಲ್ಲ. ಅಂದು ಮಕ್ತಲ್‌ನಿಂದ ಬಸ್ಸು ಹತ್ತಿದೆವು. ಆತ್ಮಕೂರಿನಲ್ಲಿ ಇಳಿದು ನಾನು ವಡೆ ತಿಂದು ಚಹಾ ಕುಡಿದೆ. ಜೂರಾಲ ಅಣೆಕಟ್ಟಿನ ಗೇಟುಗಳನ್ನು ಎತ್ತಿದ್ದರು. ಕೃಷ್ಣೆ ಕೆಂಪಗೆ ಉಕ್ಕಿ ಬೀಳುತ್ತಿದ್ದಳು, ಬಸ್ಸಿನೊಳಗೆಲ್ಲ ತುಂತುರು. ಮಹಾಂತಮ್ಮ ಕಿಟಕಿಯ ಪರದೆ ಎಳೆದುಕೊಂಡಳು.

ಆಸ್ಪತ್ರೆಯಲ್ಲಿ ಹತ್ತೂವರೆಗೆ ಸರಿಯಾಗಿ ಬಾಟಲ್ ಕೊಟ್ಟೆ. ಹೆಂಗಸರು ಕೂರುವ ಕಡೆ ಹೋಗಿ ಖಾಲಿ ಮಾಡಿಕೊಂಡು ಬಂದಳು. ಹನ್ನೊಂದೂಕಾಲಿಗೆ ಒಳಗೆ ಕರೆದರು. ಐದು ನಿಮಿಷವೂ ಆಗಿರಲಿಲ್ಲ, ಝಾನ್ಸಿ ಹೊರಗೆ ಬಂದಳು. ಹಿಂದೆ ಮಹಾಂತಮ್ಮ, ಸೆರಗು ಸರಿಮಾಡಿಕೊಳ್ಳುತ್ತ.

“ನೀಳ್ಳು ತಾಗಲೇದು ಪೆದ್ದಮ್ಮ,” ಎಂದಳು ಝಾನ್ಸಿ. ಆಮೇಲೆ ನನ್ನ ಕಡೆ ತಿರುಗಿದಳು. “ದೊಡ್ಡಪ್ಪ, ದೊಡ್ಡಮ್ಮ ಇವತ್ತು ನೀರು ಕುಡದಿಲ್ಲ.”

“ಕುಡದಾಳ. ನಾನೇ ಕೊಟ್ಟೀನಿ.”

“ಕುಡದಿಲ್ರಿ. ಚೀಲ ಖಾಲಿ ಐತಿ.”

ನನ್ನ ಪಿತ್ತ ನೆತ್ತಿಗೇರಿತು. “ನಿಮ್ಮ ಮಿಷನ್ ಕೆಟ್ಟೈತಿ ನೋಡ್ಕೊ ಹೋಗು. ನೀರಿನ ವಿಷಯ ನನಗ ಹೇಳಾಕ ಬರಬ್ಯಾಡ. ನೆಲದಾಗ ಇನ್ನೂರು ಅಡಿ ಒಳಗಿನ ನೀರು ಹೇಳೋನು ನಾ. ಬಾಟಲ್ ಖಾಲಿ ಆಗಿದ್ದು ನನ್ನ ಕಣ್ಣಾರ ನೋಡೀನಿ.”

ಸಾಲಾಗಿ ಕೂತಿದ್ದ ಜನ ನಮ್ಮನ್ನೇ ನೋಡತೊಡಗಿದರು. ನಾನು ಇನ್ನೂ ದನಿ ಏರಿಸಿದೆ. ಮಹಾಂತಮ್ಮ ತುಟಿ ಬಿಚ್ಚಲಿಲ್ಲ. ನನ್ನ ಪರವಾಗಿ ಒಂದು ಮಾತು ಆಡಬಾರದೇ ಎಂದು ಅವಳ ಮೇಲೂ ರೇಗಿತು. ಕೊನೆಗೆ ಝಾನ್ಸಿ ಅವಳ ಕಡೆ ನೋಡಿ, “ತೋರಿಸಲೇನ್ರಿ ದೊಡ್ಡಮ್ಮ?” ಎಂದು ಕೇಳಿದಳು. ಮಹಾಂತಮ್ಮ ಹೂಂ ಎಂದು ತಲೆಯಾಡಿಸಿದಳು. ಕಂಪ್ಯೂಟರ್‌ಗಳಿರುವ ಕೋಣೆಯೊಳಗೆ ಯಾರನ್ನೂ ಬಿಡುವುದಿಲ್ಲ, ನನ್ನನ್ನು ಬಿಟ್ಟಳು.

ಪರದೆಯ ಮೇಲೆ ಬೂದು ಬಣ್ಣದ ಒಂದು ಫೋಟೋ ಇತ್ತು. ಮೊದಲು ನನಗೆ ಮೋಡ ಕಂಡಂತಾಯಿತು. ಝಾನ್ಸಿ ಬೆರಳಿಟ್ಟು ತೋರಿಸುತ್ತ ಹೋದಳು. ಇದು ಸೊಂಟದ ಮೂಳೆ. ಇದು ಬೆನ್ನೆಲುಬಿನ ತುದಿ. ಇಲ್ಲಿರುವುದು ಗರ್ಭಚೀಲ. ಒಂದೊಂದೇ ಬಿಡಿಸಿಕೊಂಡು, ಮೋಡ ಹೋಗಿ ಹೆಂಗಸೊಬ್ಬಳು ಕಾಣತೊಡಗಿದಳು. ನನ್ನ ಮಹಾಂತಿ. ಶಿವಗಂಗಾ ಒಂಬತ್ತು ತಿಂಗಳು ಇದ್ದ ಜಾಗ ಅದು. ಮೂವತ್ತೆಂಟು ವರ್ಷ ಜೊತೆಗೆ ಬಾಳಿದವಳ ಒಳಗನ್ನು ನಾನು ಅಂದು ಮೊದಲ ಸಲ ನೋಡಿದೆ. ನನಗೆ ಅರಿವಿಲ್ಲದೆ ಕಾಲಿನ ಚಪ್ಪಲಿ ಬಿಟ್ಟು ಬದಿಗೆ ಸರಿಸಿದ್ದೆ.

“ಈ ಹಳದಿ ಗೆರಿ ನೋಡ್ರಿ,” ಎಂದಳು ಝಾನ್ಸಿ. “ಅಳತಿ ತಗೊಂಡ ದಿನ ಮೂತ್ರದ ಚೀಲ ಇಷ್ಟಿತ್ತು. ದಿನಾ ಇಷ್ಟೇ ಇರತಿತ್ತು. ಇವತ್ತಿಂದು ಇಲ್ಲೈತಿ.”

ಹಳದಿ ಗೆರೆ ಎಳೆಯ ತೆಂಗಿನಕಾಯಿಯಷ್ಟು ದುಂಡಗಿತ್ತು. ಅದರ ತಳದಲ್ಲಿ, ಒಣಗಿದ ನಿಂಬೆಹಣ್ಣಿನಂತೆ ಮುದುಡಿಕೊಂಡಿತ್ತು ಇಂದಿನ ಚೀಲ. ಖಾಲಿಯಾದ ಜಾಗಕ್ಕೆ ಕರುಳಿನ ಸುರುಳಿಗಳು ಇಳಿದು ಬಂದಿದ್ದವು. ಗರ್ಭಚೀಲ ಮುಂದಕ್ಕೆ ಬಾಗಿ, ಅದಕ್ಕೆಂದು ಎಳೆದಿದ್ದ ಕೆಂಪು ಗೆರೆಯ ಹೊರಗೆ ಅರ್ಧ ಬೆರಳು ಸರಿದಿತ್ತು.

“ಈಗ ಕರೆಂಟ್ ಬಿಟ್ರ ಕರುಳು ಸುಡ್ತದ. ರೋಗದಾಗಿನ ಒಂದಿಷ್ಟು ತಪ್ಪಿಸಿಕೊಳ್ತದ. ಅದಕ್ಕ ನಿಲ್ಲಿಸಿದೆ ದೊಡ್ಡಪ್ಪ.”

ನಾನು ಹೊಲದಲ್ಲಿ ಕಲ್ಲಿಟ್ಟು ಬಂದ ಮೇಲೆ ನೀರು ಇದೆಯೋ ಇಲ್ಲವೋ ಎಂದು ತಿಳಿಯಲು ಲಾರಿ ಬಂದು ಎರಡು ದಿನ ಕೊರೆಯಬೇಕು. ಇಲ್ಲಿ ಆ ತೋಳು ಒಂದು ನಿಮಿಷ ಅವಳ ಸುತ್ತ ತಿರುಗಿ, ಎಲ್ಲಿ ನೀರಿದೆ, ಎಷ್ಟಿದೆ, ಇಲ್ಲದ್ದಕ್ಕೆ ಏನೇನು ಕುಸಿದಿದೆ ಎಂದು ಬರೆದಿಟ್ಟಿತ್ತು. ಅವಳು ಬಾಯಿ ಬಿಟ್ಟು ಹೇಳದ್ದನ್ನು ಹೇಳಿತ್ತು. ಅದರ ಮುಂದೆ ನಾನು ಗಲಾಟೆ ಮಾಡಿದ್ದು ನೆನೆದು ಮುಖ ಎಲ್ಲಿಡಲಿ ಎನಿಸಿತು.

ಹೊರಗೆ ಬಂದಾಗ ಹೆಂಗಸರು ಕೂರುವ ಕಡೆಯ ಜಗಲಿಯಲ್ಲಿ ದಾಸವಾಳದ ಕುಂಡ ಕಾಣಿಸಿತು. ಮಣ್ಣು ತೊಯ್ದು ತಳದಿಂದ ಇನ್ನೂ ನೀರು ಸೋರುತ್ತಿತ್ತು. ಬರುವಾಗ ಅದರ ಪಕ್ಕದಲ್ಲೇ ದಾಟಿ ಬಂದಿದ್ದೆ.

ಅವಳ ಪಕ್ಕ ಹೋಗಿ ಕೂತೆ.

“ಯಾಕ ಚೆಲ್ಲಿದಿ?”

“ಸ್ವಾಮಾರ ಐತಲ್ರಿ.”

“ಸ್ವಾಮಾರಾದ್ರ ನೀರು ಕುಡಿಯಂಗಿಲ್ಲೇನು?”

“ಶ್ರಾವಣದಾಗ ಕುಡಿಯಂಗಿಲ್ಲ. ಸಂಜೀ ಪೂಜಿ ಆಗೋತನಕ ಹನಿ ನೀರು ಮುಟ್ಟಂಗಿಲ್ಲ.”

“ಯಾವಾಗಿಂದ?”

“ನೀವು ಉಟ್ಕೂರಿನ ಬಾವ್ಯಾಗ ಬಿದ್ದ ವರ್ಷದಿಂದ.”

ಇಪ್ಪತ್ತಾರು ವರ್ಷದ ಹಿಂದಿನ ಮಾತು. ಉಟ್ಕೂರಿನಲ್ಲಿ ಒಬ್ಬರ ಹಳೆಯ ಬಾವಿಯ ಸೆಲೆ ನೋಡುತ್ತೇನೆಂದು ಹಗ್ಗ ಕಟ್ಟಿಕೊಂಡು ಇಳಿದಿದ್ದೆ. ಒಳಗೆ ಕೆಟ್ಟ ಗಾಳಿಯಿತ್ತು. ಎಚ್ಚರ ತಪ್ಪಿ ಬಿದ್ದವನನ್ನು ಮೇಲೆಳೆದು ರಾಯಚೂರಿನ ದವಾಖಾನೆಗೆ ಹಾಕಿದರು. ಎಂಟು ದಿನ ಮೈಮೇಲೆ ಪ್ರಜ್ಞೆ ಇರಲಿಲ್ಲ. ನನ್ನದು ಗಟ್ಟಿ ಜೀವ, ಯಮನೂ ವಾಪಸು ಕಳಿಸಿದ ಎಂದು ಅಲ್ಲಿಂದ ಇಲ್ಲಿಯವರೆಗೆ ನಾನೇ ಹಬ್ಬಿಸಿಕೊಂಡು ಬಂದ ಕಥೆ ಅದು. ಆ ಎಂಟು ದಿನ ಶ್ರಾವಣದಲ್ಲಿ ಬಂದಿದ್ದವು ಎನ್ನುವುದು ನನಗೆ ನೆನಪೇ ಇರಲಿಲ್ಲ.

“ಡಾಕ್ಟ್ರು ಕೈಚೆಲ್ಲಿದ್ರು,” ಎಂದಳು. “ನಾ ಲಿಂಗ ಕೈಯಾಗ ಹಿಡದು ಬೇಡಿಕೊಂಡೆ. ಇವರು ಕಣ್ಣು ತಗದ್ರ, ಇವರ ಜೀವ ಇರೋತನಕ ಶ್ರಾವಣ ಸ್ವಾಮಾರ ನೀರು ಮುಟ್ಟಂಗಿಲ್ಲ ಅಂತ.”

“ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ನೀವು ನಗತಿದ್ರಿ.”

ನಿಜ, ನಗುತ್ತಿದ್ದೆ. ಹರಕೆ, ಉಪವಾಸ ಎಂದರೆ ನಾನು ಆಡಿಕೊಳ್ಳುವವನು. ಶ್ರಾವಣಕ್ಕೆ ನಾಲ್ಕೈದು ಸೋಮವಾರ, ಇಪ್ಪತ್ತಾರು ಶ್ರಾವಣ. ಅಷ್ಟೂ ದಿನ ಇವಳು ಬಾಯಾರಿಕೊಂಡು ನನಗೆ ರೊಟ್ಟಿ ಬಡಿದಿದ್ದಾಳೆ, ಹೊಲದಿಂದ ಬಂದವನ ಕೈಗೆ ತಂಬಿಗೆ ನೀರು ಕೊಟ್ಟಿದ್ದಾಳೆ. ನಾನು ಎದುರಿಗೇ ಗಟಗಟ ಕುಡಿದು, ಇನ್ನಷ್ಟು ತಾ ಎಂದಿದ್ದೇನೆ. ಊರಿನವರ ನೆಲದಲ್ಲೆಲ್ಲ ನೀರು ಹುಡುಕಿದವನು, ಪಕ್ಕದಲ್ಲಿ ಕೂತವಳ ಬಾಯಿ ಒಣಗಿರುವುದನ್ನು ಒಂದು ದಿನವೂ ನೋಡಲಿಲ್ಲ.

ಅಷ್ಟರಲ್ಲಿ ಡಾಕ್ಟರ್ ಅಖಿಲಾ ಬಂದರು. ಸಿಟ್ಟು ಮಾಡಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ತಂದಿತು. ಶನಿವಾರ ಭಾನುವಾರ ಹೇಗೂ ರಜೆ, ಇಂದೂ ಹೋದರೆ ಮೂರು ದಿನ ಖಾಲಿ ಎಂದರು. ಮುಂದೆ ಇನ್ನೂ ಎರಡು ಸೋಮವಾರ ಬರುತ್ತವೆ, ಅವೂ ಹೀಗೇ ಆದರೆ ಗುಣವಾಗುತ್ತದೆ ಎಂದು ಕೊಟ್ಟ ಮಾತು ನಾನು ಉಳಿಸಿಕೊಳ್ಳಲಾರೆ ಎಂದರು. ಸಂಜೆ ಪೂಜೆಯಾದ ಮೇಲೆ ಕುಡಿಯುತ್ತೇನೆ, ಆಮೇಲೆ ಇಡಿ ಎಂದು ಮಹಾಂತಮ್ಮ ಕೈಮುಗಿದಳು. ಐದಕ್ಕೆ ಮಿಷನ್ ಮುಚ್ಚುತ್ತಾರೆ. ನಾಲ್ಕು ಗಂಟೆಗೆ ಕೊನೆಯ ಪಾಳಿ ನಿಮಗೇ ಇಡುತ್ತೇನೆ, ಮನಸ್ಸು ಮಾಡಿ ಎಂದು ಝಾನ್ಸಿ ಹೇಳಿ ಹೋದಳು.

ಎರಡು ಗಂಟೆ ನಾವಿಬ್ಬರೂ ಆ ಬೆಂಚಿನ ಮೇಲೆ ಕೂತೆವು. ನಾನು ಬೈದೆ, ರಮಿಸಿದೆ, ಶಿವಗಂಗಾಳಿಗೆ ಫೋನು ಮಾಡುತ್ತೇನೆಂದು ಹೆದರಿಸಿದೆ. ಅವಳದು ಒಂದೇ ಮಾತು.

“ನಾ ಉಳೀಲಿ ಅಂತ ಹರಕಿ ಮುರದ್ರ, ನಿಮಗೇನಾದ್ರೂ ಆದ್ರ? ಆಮ್ಯಾಲೆ ಉಳಿದು ಏನು ಮಾಡ್ಲಿ?”

ಎದ್ದು ಹೊರಗೆ ಹೋಗಿ, ಬೇವಿನ ಮರದ ಕೆಳಗೆ ನಿಂತು, ಯಾರಿಗೂ ಕಾಣದಂತೆ ಕಣ್ಣೊರೆಸಿಕೊಂಡೆ. ಅಲ್ಲೇ ನನಗೆ ಒಂದು ಯೋಚನೆ ಹೊಳೆಯಿತು. ವಾಪಸು ಬಂದು ಕೇಳಿದೆ.

“ಲಿಂಗದ ಮ್ಯಾಲೆ ಎರದ ನೀರಿಗೆ ಏನಂತಾರ?”

“ತೀರ್ಥ.”

“ತೀರ್ಥ ತಗೊಂಡ್ರ ಉಪವಾಸ ಮುರೀತೈತೇನು?”

ಅವಳು ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. “ತೀರ್ಥ ಅಂದ್ರ ನಾಲಿಗಿ ತೋಯೋವಷ್ಟು. ಮೂರು ಲೋಟ ಅಲ್ಲ.”

“ಇಷ್ಟೇ ಅಂತ ಯಾರು ಅಳತಿ ಹಾಕ್ಯಾರ?”

“ಇದು ನಿಮ್ಮ ಬೋರಿನ ವ್ಯವಹಾರ ಅಲ್ರಿ, ಮಾತಿನಾಗ ಸರಿಮಾಡಾಕ.”

“ಅಲ್ಲ, ಒಪ್ಪಿದೆ. ಆದ್ರ ಆ ಹರಕಿ ಯಾರ ಜೀವಕ್ಕ ಕಟ್ಟಿದಿ? ನನ್ನ ಜೀವಕ್ಕ. ಹಂಗಾರ ಅದರಾಗ ನನ್ನದೂ ಒಂದು ಮಾತು ನಡೀಬೇಕು. ನೀ ಇಲ್ಲದ ಜೀವ ಇಟಗೊಂಡು ನಾ ಏನು ಮಾಡ್ಲಿ ಮಹಾಂತಿ? ನನಗ ಒಂದು ಚಹಾ ಕಾಸಾಕ ಬರಂಗಿಲ್ಲ.”

ಇಂಥ ಮಾತು ನಾನು ಮೂವತ್ತೆಂಟು ವರ್ಷದಲ್ಲಿ ಆಡಿದವನಲ್ಲ. ಅವಳು ಕೊರಳಲ್ಲಿನ ಲಿಂಗದ ಕರಡಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ, ಕೈಕಾಲು ತೊಳೆದುಕೊಂಡು ಬರುತ್ತೇನೆ, ಒಂದು ಹೊಸ ಲೋಟ ತನ್ನಿ ಎಂದಳು.

ಜಗಲಿಯ ಮೂಲೆಯಲ್ಲಿ ಕೂತಳು. ಕೋಸಗಿ ಕಡೆಯ ಜೋಗಮ್ಮ ಎಂಬ ಹೆಂಗಸು, ಅವಳೂ ಕರೆಂಟಿಗೆ ಬರುತ್ತಿದ್ದವಳು, ಏನು ಎತ್ತ ಎಂದು ಕೇಳದೆ ತನ್ನ ಚಾದರವನ್ನು ಮಡಚಿ ಹಾಸಿಕೊಟ್ಟಳು. ಮಹಾಂತಮ್ಮ ಕೊರಳ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಂಡಳು. ಹಣೆಗೆ ವಿಭೂತಿ ಹಚ್ಚಿಕೊಂಡು ಕಣ್ಣು ಮುಚ್ಚಿದಳು. ನಾನು ಬಾಟಲಿನಿಂದ ಸಣ್ಣಗೆ ನೀರು ಎರೆದೆ. ಲಿಂಗದ ಮೇಲೆ ಬಿದ್ದು, ಬೆರಳ ಸಂದಿಯಿಂದ ಇಳಿದು, ಲೋಟಕ್ಕೆ ಸೇರಿತು. ತುಂಬಿದ ಲೋಟವನ್ನು ಎರಡೂ ಕೈಯಿಂದ ಕಣ್ಣಿಗೊತ್ತಿಕೊಂಡು ಕುಡಿದಳು. ಎರಡನೆಯದು ಎರೆದೆ. ಮೂರನೆಯದೂ ಎರೆದೆ. ಸುತ್ತ ಕೂತ ಹೆಂಗಸರು ಮಾತು ನಿಲ್ಲಿಸಿ ನೋಡುತ್ತಿದ್ದರು.

ನಾಲ್ಕು ಗಂಟೆಗೆ ಒಳಗೆ ಕರೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಝಾನ್ಸಿ ಬಾಗಿಲು ತೆರೆದು ಕೈಮಾಡಿ ನನ್ನನ್ನು ಕರೆದಳು.

ಪರದೆಯ ಮೇಲೆ ಹೊಸ ಫೋಟೋ. ಬೆಳಿಗ್ಗೆ ಮುದುಡಿದ್ದ ಚೀಲ ಉಬ್ಬಿ ಹಳದಿ ಗೆರೆಗೆ ಹೋಗಿ ತಾಕಿತ್ತು. ಕರುಳು ಮೇಲಕ್ಕೆ ಸರಿದು ದಾರಿ ಬಿಟ್ಟಿತ್ತು. ಬಾಗಿದ್ದ ಗರ್ಭಚೀಲ ನಿಧಾನಕ್ಕೆ ತನ್ನ ಜಾಗಕ್ಕೆ ವಾಪಸು ಬಂದು ಕೆಂಪು ಗೆರೆಯೊಳಗೆ ಕೂತಿತ್ತು. ಝಾನ್ಸಿ ಅದನ್ನು ಅಳತೆಯ ದಿನದ ಫೋಟೋದ ಮೇಲೆ ಇಟ್ಟು ನೋಡಿದಳು. ಎರಡು ಮಿಲಿಮೀಟರ್ ಎಂದಳು. ಒಳಗಿನ ಕೋಣೆ ತೋರಿಸುವ ಟಿವಿಯಲ್ಲಿ ಮಹಾಂತಮ್ಮ ಮಲಗಿದ್ದ ಹಲಗೆ, ಕಂಡೂ ಕಾಣದಷ್ಟು, ಒಂದು ಬದಿಗೆ ಸರಿಯಿತು.

“ನೀರು ಬಿದ್ದಾವ್ರಿ ದೊಡ್ಡಪ್ಪ,” ಎಂದಳು ಝಾನ್ಸಿ.

ಬೋರಿನ ಲಾರಿ ಕೊರೆದು ಕೊರೆದು ಧೂಳೇ ಬರುತ್ತಿದ್ದಾಗ ಒಮ್ಮೆಗೇ ನೀರು ಚಿಮ್ಮಿದರೆ ಹೊಲದವರು ಅಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಇದರಲ್ಲಿ ಅಳುವುದೇನಿದೆ ಎಂದು ಒಳಗೊಳಗೇ ನಕ್ಕಿದ್ದೇನೆ. ಅಂದು ಆ ತಂಪು ಕೋಣೆಯಲ್ಲಿ, ಕಂಪ್ಯೂಟರ್ ಮುಂದೆ ಕೂತಿದ್ದ ಗುರುತಿಲ್ಲದ ಹುಡುಗರ ಎದುರು ನಾನು ಅತ್ತೆ. ಝಾನ್ಸಿ ಗುಂಡಿ ಒತ್ತಿದಳು. ಗೋಡೆಯ ಆಚೆ ತೋಳು ತಿರುಗತೊಡಗಿತು. ಎರಡು ನಿಮಿಷ, ಶಬ್ದವಿಲ್ಲದೆ, ಗುರುತಿಟ್ಟ ಜಾಗಕ್ಕೆ ಅದು ತನ್ನ ಕೆಲಸ ಮಾಡುತ್ತಿತ್ತು. ನಾನು ಕೈಮುಗಿದುಕೊಂಡು ನಿಂತಿದ್ದೆ. ಲಿಂಗಕ್ಕೋ, ಮಿಷನ್ನಿಗೋ, ಆ ಹುಡುಗಿಗೋ ಕೇಳಬೇಡಿ, ನನಗೂ ಗೊತ್ತಿಲ್ಲ.

ಮುಂದಿನ ಸೋಮವಾರ ನಾನು ಒಂದು ನಿರ್ಧಾರ ಮಾಡಿಕೊಂಡಿದ್ದೆ. ಎದ್ದವನು ಬಾಯಿ ಮುಕ್ಕಳಿಸಿ ಉ‍ಗುಳಿದೆ, ನೀರು ಕುಡಿಯಲಿಲ್ಲ. ಅವಳ ಜೀವಕ್ಕೆ ನಾನೂ ಒಂದು ದಿನ ಒಣಗುವುದು ಬೇಡವೇ ಎಂದುಕೊಂಡಿದ್ದೆ. ಇದನ್ನು ಯಾರಿಗೂ ಹೇಳಲಿಲ್ಲ. ಅವಳು ಕೊಟ್ಟ ಚಹಾವನ್ನು ಹಿತ್ತಲಿಗೆ ಒಯ್ದು ಚೆಲ್ಲಿದೆ, ಖಾಲಿ ಲೋಟ ತಂದು ಮುಂದಿಟ್ಟೆ. ಆತ್ಮಕೂರಿನಲ್ಲಿ ಬಸ್ಸಿನಿಂದ ಇಳಿದು, ಹೋಟೆಲಿನ ಹಿಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು ಬಾಯೊರೆಸಿಕೊಳ್ಳುತ್ತ ಬಂದು ಹತ್ತಿದೆ. ಜೂರಾಲದ ಮೇಲೆ ಬರುವಾಗ ಆ ನೀರಿನ ಸದ್ದು ಕೇಳಿ ಬಾಯಾರಿಕೆ ಇಮ್ಮಡಿಯಾಯಿತು. ಇಪ್ಪತ್ತಾರು ವರ್ಷ ಇವಳು ಇದನ್ನು ಹೇಗೆ ತಡೆದಳೋ ಎನಿಸಿತು.

ಆಸ್ಪತ್ರೆಯಲ್ಲಿ ಹತ್ತೂವರೆಗೆ ಅವಳ ಕೈ ಮೇಲಿನ ಲಿಂಗಕ್ಕೆ ನೀರು ಎರೆದೆ. ಮೂರು ಲೋಟದಲ್ಲಿ ಎರಡು ಕುಡಿದಳು. ಮೂರನೆಯದನ್ನು ಎತ್ತಿದವಳು ಕುಡಿಯದೆ ನನ್ನ ಮುಖವನ್ನೇ ನೋಡಿದಳು.

“ಹೊತ್ತು ಹುಟ್ಟಿದಾಗಿಂದ ನೀವು ನೀರು ಕುಡದಿಲ್ಲ,” ಎಂದಳು.

“ಕುಡದೀನಲ್ಲ. ಚಹಾನೂ ಕುಡದೀನಿ.”

“ಚಹಾ ಕರಿಬೇವಿನ ಗಿಡಕ್ಕ ಹಾಕೀರಿ.”

ಗೋಡೆಯ ಆಚೆ ಅಷ್ಟು ದೊಡ್ಡ ಮಿಷನ್ ಇತ್ತು, ನನ್ನೊಳಗೆ ನೀರಿಲ್ಲವೆಂದು ತಿಳಿಯಲು ಅವಳಿಗೆ ಅದು ಬೇಕಾಗಿರಲಿಲ್ಲ. ಸೆರಗಿನ ತುದಿ ಲೋಟದಲ್ಲಿ ಅದ್ದಿ ನನ್ನ ಒಣಗಿದ ತುಟಿ ಒರೆಸಿದಳು. ತೀರ್ಥ, ಉಪವಾಸ ಮುರಿಯಂಗಿಲ್ಲ ಎಂದಳು. ಆಮೇಲೆ ಉಳಿದದ್ದನ್ನು ಪೂರ್ತಿ ಕುಡಿದು, ಬಾಯೊರೆಸಿಕೊಂಡು, ಗಡಿಯಾರ ನೋಡ್ರಿ ಎಂದಳು.